ಸಂಜೀವ ಶೆಟ್ಟರ ಕಣ್ಣು

ನಿವೃತ್ತಿಯಾದ ಡ್ರಾಯಿಂಗ್ ಮಾಸ್ತರನನ್ನು ಹುಡುಕಿಕೊಂಡು ಬರುವವರು ಕಡಿಮೆ. ಬಂದರೂ ಬ್ಯಾನರ್ ಬರೆಸಲು ಬರುತ್ತಾರೆ. ಕಳೆದ ವರ್ಷ ಮಾತ್ರ, ಹೊಸದಾಗಿ ಈ ಕೆಲಸಕ್ಕೆ ಸೇರಿದ ಇಬ್ಬರು ತರುಣರು ಬಂದು, ‘ಸರ್, ಮುಖ ಬರೆಯಲಿಕ್ಕೆ ಒಳ್ಳೆಯ ಪುಸ್ತಕ ಯಾವುದು? ಹಂತ ಹಂತವಾಗಿ ಹೇಳಿಕೊಡುವಂಥದ್ದು’ ಎಂದು ಕೇಳಿದರು. ನಾನು ಪುಸ್ತಕದ ಹೆಸರು ಹೇಳಲಿಲ್ಲ. ಅವರನ್ನು ಊಟದ ಹೊತ್ತಿನವರೆಗೆ ಕೂರಿಸಿಕೊಂಡು ಒಂದು ಮುಖದ ಕತೆ ಹೇಳಿದೆ. ಹೋಗುವಾಗ ಇಬ್ಬರ ಮುಖವೂ ಬಿಳಿಚಿತ್ತು. ‘ಇದನ್ನು ಬರೆದಿಡಿ ಸರ್’ ಎಂದರು. ಬರೆದಿದ್ದೇನೆ. ಬಡ್ತಿ, ಸನ್ಮಾನ, ಶಾಲುಗಳ ವಿಷಯ ಇದರಲ್ಲಿಲ್ಲ. ಡ್ರಾಯಿಂಗ್ ಮಾಸ್ತರನಿಗೆ ಬಡ್ತಿ ಎಂಬುದೇ ಇಲ್ಲದ್ದರಿಂದ ಆ ಅಧ್ಯಾಯ ಬಿಟ್ಟುಹೋದರೂ ಯಾರಿಗೂ ನಷ್ಟವಿಲ್ಲ.

ನಾನು ಮೂಡಬಿದ್ರೆಯವನು. ತಂದೆಗೆ ಪಾತ್ರೆಯ ಅಂಗಡಿಯಿತ್ತು. ಚಿತ್ರಕಲೆ ಕಲಿಸುವ ದೊಡ್ಡ ಶಾಲೆ ಮದ್ರಾಸಿನಲ್ಲಿದೆ ಎಂದು ಕೇಳಿದ್ದೆ. ಆದರೆ ಅಂಗಡಿಯಲ್ಲಿ ‘ಮದ್ರಾಸು’ ಎಂಬ ಶಬ್ದ ಎತ್ತಿದರೆ ಅಪ್ಪ ತಕ್ಕಡಿಯ ಕಡೆ ನೋಡುತ್ತಿದ್ದರು. ಹಾಗಾಗಿ ನಾನು ಚಿತ್ರ ಕಲಿತದ್ದು ಅಂಚೆಯಲ್ಲಿ. ತಿಂಗಳಿಗೊಂದು ದಪ್ಪ ಲಕೋಟೆ ಬರುತ್ತಿತ್ತು. ಒಳಗೆ ಇಂಗ್ಲಿಷಿನಲ್ಲಿ ಒಂದು ಪಾಠ, ಜೊತೆಗೆ ಅಚ್ಚು ಹಾಕಿದ ನಾಲ್ಕಾರು ಚಿತ್ರ. ಅವನ್ನು ನೋಡಿ ಬರೆದು ಕಳಿಸಿದರೆ ಯಾರೋ ಕಾಣದ ಗುರುಗಳು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತಿದ್ದರು.

ಆ ಪಾಠಗಳು ಯಾವ ದೇಶದವರಿಗಾಗಿ ಬರೆದದ್ದೋ ದೇವರಿಗೇ ಗೊತ್ತು. ದೂರ ಹೋಗುತ್ತ ಹೋಗುತ್ತ ಎರಡು ಗೆರೆಗಳು ಕೂಡಿದಂತೆ ಕಾಣುವುದನ್ನು ಕಲಿಸುವಾಗ, ‘ನಿಮ್ಮ ಊರಿನ ರೈಲು ನಿಲ್ದಾಣಕ್ಕೆ ಹೋಗಿ ಹಳಿಗಳನ್ನು ನೋಡಿ’ ಎಂದಿತ್ತು. ಮೂಡಬಿದ್ರೆಯಲ್ಲಿ ಎಂಥ ರೈಲು! ನಾನು ಸಾವಿರ ಕಂಬದ ಬಸದಿಗೆ ಹೋಗಿ ಒಂದು ಸಾಲಿನ ತುದಿಯಲ್ಲಿ ಕುಳಿತು ಕಂಬಗಳನ್ನು ನೋಡಿದೆ. ದಿನಾ ಬಂದು ಕೂರುವುದನ್ನು ಕಂಡು ಅಲ್ಲಿಯ ಅರ್ಚಕರಾದ ಇಂದ್ರರು, ‘ಕಂಬ ಎಣಿಸಲಿಕ್ಕೆ ಹೊರಟು ತಲೆಕೆಟ್ಟವರನ್ನು ಕಂಡಿದ್ದೇನೆ, ಇವ ಎಣಿಸುವ ಮೊದಲೇ ಕೆಟ್ಟಿದ್ದಾನೆ’ ಎಂದರಂತೆ. ಇನ್ನೊಂದು ಪಾಠದಲ್ಲಿ ಹಿಮ ಹೊತ್ತ ಮರ ಬರೆಯಬೇಕಿತ್ತು. ಹಿಮ ಕಂಡವನಲ್ಲ ನಾನು. ಕಾಯಿ ಒಡೆದು ಅರಳೆ ಹೊತ್ತ ಬೂರುಗದ ಮರ ನೋಡಿ ಬರೆದು ಕಳಿಸಿದೆ. ‘ಹಿಮವನ್ನು ಚೆನ್ನಾಗಿ ಗಮನಿಸಿದ್ದೀರಿ’ ಎಂದು ಕೆಂಪು ಶಾಯಿಯಲ್ಲಿ ಮೆಚ್ಚುಗೆ ಬಂತು! ನಾನು ಉಬ್ಬಿಹೋದೆ. ಕಾಣದ್ದನ್ನು ಕಂಡ ಹಾಗೆ ಬರೆದರೂ ಮೆಚ್ಚುವವರಿದ್ದಾರೆ ಎಂಬ ಕೆಟ್ಟ ಧೈರ್ಯ ಬಂದದ್ದು ಆಗಲೇ.

ಸರಕಾರದ ಸಣ್ಣ ಪರೀಕ್ಷೆಯೊಂದನ್ನು ಪಾಸು ಮಾಡಿಕೊಂಡು ಬೆಳ್ತಂಗಡಿಯ ಹೈಸ್ಕೂಲೊಂದರಲ್ಲಿ ಹಂಗಾಮಿ ಡ್ರಾಯಿಂಗ್ ಮಾಸ್ತರನಾದೆ. ನನ್ನ ಪೀರಿಯಡ್ಡೆಂದರೆ ಲೆಕ್ಕದ ಮಾಸ್ತರರ ಪಾಲಿಗೆ ಬೇಲಿ ಇಲ್ಲದ ಗದ್ದೆ, ಬೇಕೆನಿಸಿದಾಗ ನುಗ್ಗುತ್ತಿದ್ದರು. ವಿಜ್ಞಾನದ ಮಾಸ್ತರರಿಗೆ ನನ್ನಿಂದ ಚಾರ್ಟು ಬರೆಸಿಕೊಳ್ಳುವುದೇ ಕೆಲಸ. ಒಮ್ಮೆ ಮನುಷ್ಯನ ಹೃದಯದ ಚಿತ್ರವನ್ನು ತೆಳು ಕಾಗದದಲ್ಲಿ ಅಚ್ಚು ತೆಗೆದು, ದೊಡ್ಡದು ಮಾಡಿ, ಕೆಂಪು ನೀಲಿ ಬಣ್ಣ ತುಂಬಿ ಗೋಡೆಗೆ ಹಾಕಿದೆ. ಎಲ್ಲರೂ ಹೊಗಳಿದರು. ತಪಾಸಣೆಗೆ ಬಂದ ಇನ್‌ಸ್ಪೆಕ್ಟರರು ಅದರ ಮುಂದೆ ನಿಂತು ತಮ್ಮ ಎದೆಯ ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ಮುಟ್ಟಿಕೊಂಡು, ‘ಈ ಊರಿನವರಿಗೆಲ್ಲ ಹೃದಯ ಬಲಗಡೆಯೋ?’ ಎಂದು ಕೇಳಿದರು. ಅಚ್ಚು ತೆಗೆದ ಕಾಗದವನ್ನು ನಾನು ತಿರುವಿ ಇಟ್ಟಿದ್ದೆ. ಹೆಡ್‌ಮಾಸ್ಟರರು ಆ ವಾರವಿಡೀ ನನ್ನ ಹತ್ತಿರ ಮಾತಾಡಲಿಲ್ಲ. ನಕ್ಕು ಮರೆಯಬಹುದಾದ ತಪ್ಪು ಅದು. ಮುಂದಿನದು ಹಾಗಲ್ಲ.

ಬೆಳ್ತಂಗಡಿಗೆ ಬಂದ ಮೇಲೂ ಅಂಚೆಯ ಪಾಠ ನಡೆಯುತ್ತಿತ್ತು. ಮುಖ ಬರೆಯುವ ಭಾಗಕ್ಕೆ ಬಂದಾಗ ಕಣ್ಣಿನ ಪಾಠ ಬಂತು. ಮೊದಲು ಚೆಂಡು, ಅದರ ಮೇಲೆ ಹೊದಿಕೆಯಂತೆ ರೆಪ್ಪೆ, ಆಮೇಲೆ ನೆರಳು, ಕೊನೆಗೆ ಬೆಳಕಿನ ಚುಕ್ಕಿ. ಕೆಳಗೆ ಒಂದು ಸೂಚನೆ: ‘ಒಬ್ಬರ ಕಣ್ಣನ್ನು ಆರಿಸಿಕೊಳ್ಳಿ. ನಿದ್ದೆಯಲ್ಲೂ ಕೈ ತಾನಾಗಿ ಬರೆಯುವಷ್ಟು ಅಭ್ಯಾಸ ಮಾಡಿ. ಇತರರ ಕಣ್ಣುಗಳು ಹೇಗೆ ಬೇರೆಯಾಗುತ್ತವೆ ಎಂಬುದನ್ನು ಮುಂದಿನ ಪಾಠದಲ್ಲಿ ನೋಡೋಣ.’

ನಾನು ಆರಿಸಿಕೊಂಡದ್ದು ಸಂಜೀವ ಶೆಟ್ಟರ ಕಣ್ಣನ್ನು. ನಾನು ಊಟ ಮಾಡುತ್ತಿದ್ದ ಹೋಟೆಲಿನಲ್ಲಿ ಅವರು ಗಲ್ಲಾದ ಮೇಲೆ ಕೂರುತ್ತಿದ್ದರು. ಬಾಗಿಲಿನ ಬೆಳಕು ಒಂದೇ ಬದಿಯಿಂದ ಮುಖಕ್ಕೆ ಬೀಳುತ್ತಿತ್ತು. ಅಲುಗಾಡುವ ಮನುಷ್ಯನೂ ಅಲ್ಲ. ಅವರ ಎಡಗಣ್ಣಿನ ಮೇಲಿನ ರೆಪ್ಪೆ ಬಲಗಣ್ಣಿನದಕ್ಕಿಂತ ತುಸು ಇಳಿದಿತ್ತು. ಹೊರಗಿನ ಮೂಲೆಯಲ್ಲಿ ಎರಡು ಮಡಿಕೆ. ಅರ್ಧ ನಿದ್ದೆಯಲ್ಲಿರುವಂತೆ ಕಂಡರೂ ಒಂದು ವಡೆ ತಪ್ಪಿ ಹೆಚ್ಚು ತಿಂದವನನ್ನು ಬಾಗಿಲು ದಾಟಲು ಬಿಡುತ್ತಿರಲಿಲ್ಲ.

‘ಎಂತ ಮಾಸ್ಟ್ರೇ, ಇವತ್ತೂ ನನ್ನ ಕಣ್ಣಾ? ಈ ಊರಲ್ಲಿ ಬೇರೆ ಕಣ್ಣು ಇಲ್ಲವಾ?’ ಎನ್ನುತ್ತಿದ್ದರು.

‘ನಿಮ್ಮಷ್ಟು ಸುಮ್ಮನೆ ಕೂರುವವರು ಇಲ್ಲ ಶೆಟ್ರೇ.’

‘ಎದ್ದರೆ ಧನಿಗಳು ಬೈತಾರೆ ಮಾರಾಯ್ರೇ, ಅದಕ್ಕೆ ಕೂತದ್ದು. ಬರೀರಿ, ಬರೀರಿ.’

ಒಂದು ಮಳೆಗಾಲ ಪೂರ್ತಿ ಬರೆದೆ. ಕೊನೆಕೊನೆಗೆ ಶೆಟ್ಟರನ್ನು ನೋಡುವ ಅಗತ್ಯವೇ ಇರಲಿಲ್ಲ. ಪೆನ್ಸಿಲು ಕಾಗದಕ್ಕೆ ತಾಗಿದರೆ ಸಾಕು, ಆ ಕಣ್ಣು ಎದ್ದು ಬರುತ್ತಿತ್ತು. ಆಮೇಲೆ ಎರಡು ಸಂಗತಿ ನಡೆದವು. ಪಾಠ ಕಳಿಸುತ್ತಿದ್ದವರು ಅಂಗಡಿ ಮುಚ್ಚಿದರು. ಇತರರ ಕಣ್ಣುಗಳ ಪಾಠ ಬರಲೇ ಇಲ್ಲ. ಸಂಜೀವ ಶೆಟ್ಟರು ಹೋಟೆಲಿನ ಧನಿಯೊಡನೆ ಜಗಳವಾಡಿ ಮುಂಬಯಿಗೆ ಹೋದರು. ವೇಣೂರಿನ ತವರಿನಲ್ಲಿದ್ದ ಹೆಂಡತಿ ಗಿರಿಜಕ್ಕನಿಗೆ, ‘ಒಂದು ನೆಲೆಯಾದ ಕೂಡಲೇ ಬರೆಯುತ್ತೇನೆ’ ಎಂದು ಹೇಳಿ ಹೋದವರದು ಮತ್ತೆ ಸುದ್ದಿಯಿಲ್ಲ.

ಕೆಲವು ವರ್ಷ ಕಳೆದವು. ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿ, ಮೇಲಿನ ಅಧಿಕಾರಿಗಳು ಘಟ್ಟದ ಮೇಲಿನಿಂದ ಬರತೊಡಗಿದ ಕಾಲ. ಮಳೆ ಕಡಿಮೆಯಾಗುತ್ತಿದ್ದ ಒಂದು ಮಧ್ಯಾಹ್ನ ಹೆಡ್‌ಮಾಸ್ಟರರು ನನ್ನನ್ನು ಕರೆಸಿದರು. ಅವರ ಎದುರಿಗೆ ಹಾಸನದ ಕಡೆಯ ಒಬ್ಬ ಸಬ್‌ಇನ್‌ಸ್ಪೆಕ್ಟರರು ಕುಳಿತಿದ್ದರು.

‘ಮೇಷ್ಟ್ರೇ, ವೇಣೂರಿನ ಹತ್ರ ಹೊಳೇಲಿ ಒಂದು ಹೆಣ ಸಿಕ್ಕಿದೆ’ ಎಂದರು. ‘ಯಾರದು ಅಂತ ಗೊತ್ತಾಗ್ತಿಲ್ಲ. ಫೋಟೋದವನು ಬಂದು ನೋಡಿ, ಈ ಮುಖದ ಫೋಟೋ ತೆಗೆದ್ರೆ ಜನ ಹೆದರಿ ಓಡ್ತಾರೆ ಅಂತ ವಾಪಸು ಹೋದ. ನೀವು ನೋಡಿ, ಬದುಕಿದ್ದಾಗ ಹೇಗಿದ್ದಿರಬಹುದು ಅಂತ ಬರ್ದುಕೊಡ್ಬೇಕು.’

ನಾನು ಬಾಯಿ ತೆರೆಯುವ ಮೊದಲೇ ಹೆಡ್‌ಮಾಸ್ಟರರು, ‘ಬರೆಯುತ್ತಾರೆ, ಬರೆಯುತ್ತಾರೆ. ನಮ್ಮ ಡ್ರಾಯಿಂಗ್ ಮಾಸ್ಟ್ರು ಏನು ಬೇಕಾದರೂ ಬರೆಯುತ್ತಾರೆ’ ಎಂದರು. ಹೃದಯವನ್ನು ಬಲಗಡೆ ಬರೆದವನ ಮೇಲೆ ಒಮ್ಮೆಗೇ ಅಷ್ಟು ಭರವಸೆ!

ಫಲ್ಗುಣಿ ಹೊಳೆಯ ದಡದಲ್ಲಿ ತಟ್ಟಿ ಕಟ್ಟಿ ಮರೆ ಮಾಡಿದ್ದರು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದೆ. ನಡುವಯಸ್ಸಿನ ಗಂಡಸು. ಮೈಮೇಲೆ ಒಂದು ಬಿಳಿ ಅಂಗಿ ಬಿಟ್ಟರೆ ಗುರುತು ಹೇಳುವಂಥದ್ದು ಏನೂ ಇಲ್ಲ. ಅಂಚೆಯ ಪಾಠದಲ್ಲಿ ಎಲುಬಿನ ಮೇಲೆ ಮುಖ ಕಟ್ಟುವುದನ್ನು ಹೇಳಿಕೊಟ್ಟಿದ್ದರು. ಅದೊಂದನ್ನೇ ಮಂತ್ರದ ಹಾಗೆ ಹೇಳಿಕೊಳ್ಳುತ್ತ ನಿಂತೆ. ಹಣೆ ಇಷ್ಟು ಅಗಲ, ಕೆನ್ನೆಯ ಎಲುಬು ಇಲ್ಲಿ, ದವಡೆ ಚೌಕ, ಮೂಗು ಮೊಂಡು. ಇವೆಲ್ಲವನ್ನೂ ನೋಡಿಯೇ ಬರೆದೆ, ಆಣೆ ಇಟ್ಟು ಹೇಳುತ್ತೇನೆ. ಕಣ್ಣಿನ ಜಾಗಕ್ಕೆ ಬಂದಾಗ ಪೆನ್ಸಿಲು ನಿಂತಿತು. ಅಲ್ಲಿ ನೋಡಲು ಏನೂ ಉಳಿದಿರಲಿಲ್ಲ. ಮೀನುಗಳು ತಮ್ಮ ಕೆಲಸ ಮುಗಿಸಿದ್ದವು. ಹೊರಗೆ ಓಡಿಬಂದು ಕಾರಿದೆ.

‘ಕಣ್ಣು?’ ಎಂದು ಕೇಳಿದೆ.

‘ತೆರೆದ ಕಣ್ಣು ಬರೀರಿ. ಮುಚ್ಚಿದ್ರೆ ಹೆಣ ಅನ್ನಿಸುತ್ತೆ, ಯಾರೂ ಸರಿಯಾಗಿ ನೋಡಲ್ಲ’ ಎಂದರು ಸಬ್‌ಇನ್‌ಸ್ಪೆಕ್ಟರರು.

ಕೋಣೆಗೆ ಹಿಂದಿರುಗಿ, ಮೈ ತೊಳೆದು, ಚಿತ್ರ ಮುಗಿಸಿದೆ. ಕಣ್ಣು ಬರೆದದ್ದು ನನಗೆ ನೆನಪೇ ಇಲ್ಲ. ಮುಗಿದ ಮೇಲೆ ನೋಡಿದರೆ ಎಲ್ಲೋ ಕಂಡ ಮುಖ ಅನ್ನಿಸಿತು. ಚಿತ್ರಕ್ಕೆ ಜೀವ ಬಂದರೆ ಹಾಗೆಯೇ ಅನ್ನಿಸುವುದು ಎಂದುಕೊಂಡು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಸಬ್‌ಇನ್‌ಸ್ಪೆಕ್ಟರರಿಗೂ ಖುಷಿಯಾಯಿತು. ಅದೇ ಚಿತ್ರವನ್ನು ಮತ್ತೆ ಮತ್ತೆ ನಕಲು ಮಾಡಿಸಿ ಬೆಳ್ತಂಗಡಿ, ಬಂಟ್ವಾಳ, ಮೂಡಬಿದ್ರೆಯ ಬಸ್‌ಸ್ಟ್ಯಾಂಡುಗಳಲ್ಲಿ ಅಂಟಿಸಿದರು. ಹೆಣವನ್ನು ಹೊಳೆಯ ಬದಿಯಲ್ಲೇ ಹೂಳಿಸಿದರು.

ಹೆಚ್ಚು ದಿನ ಆಗಲಿಲ್ಲ. ಮೂಡಬಿದ್ರೆಗೆ ಹೋಗಿದ್ದ ನಾರಾವಿಯವನೊಬ್ಬ ಚಿತ್ರ ನೋಡಿ ಅಲ್ಲೇ ಕುಸಿದು ಕುಳಿತನಂತೆ. ‘ಇದು ನಮ್ಮ ಸಂಜೀವಣ್ಣ.’ ಸಂಜೀವ ಶೆಟ್ಟರ ಮನೆ ನಾರಾವಿಯಲ್ಲಿತ್ತು. ಅವರ ಸೋದರಮಾವ ದೂಮಪ್ಪ ಶೆಟ್ಟರು ಆ ಮನೆಯ ಯಜಮಾನರು. ಅವರು ಬಂದು ಚಿತ್ರ ನೋಡಿ ಹೌದೆಂದರು. ಶೆಟ್ಟರ ತಂಗಿ ನೋಡಿ ಹೌದೆಂದಳು. ಹೋಟೆಲಿನವರೂ ಹೌದೆಂದು ತಲೆಯಾಡಿಸಿದರು. ಊರಿಗೆ ವಾಪಸು ಬರುತ್ತಿದ್ದವರು ಹೊಳೆ ದಾಟುವಾಗ ಕೊಚ್ಚಿಹೋಗಿರಬೇಕು ಎಂದು ಎಲ್ಲರೂ ತೀರ್ಮಾನಿಸಿದರು. ನಾರಾವಿಯ ಮನೆಯಲ್ಲಿ ಬೊಜ್ಜದ, ಎಂದರೆ ಉತ್ತರಕ್ರಿಯೆಯ, ದಿನ ನಿಶ್ಚಯವಾಯಿತು.

ನನಗೆ ಅನ್ನ ಸೇರಲಿಲ್ಲ. ಒಂದು ಮಳೆಗಾಲ ದಿನಾ ಎದುರು ಕೂತು ಬರೆದ ಮನುಷ್ಯ ತಟ್ಟಿಯ ಮರೆಯಲ್ಲಿ ಮಲಗಿದ್ದರೂ ನನಗೆ ಗುರುತು ಸಿಗಲಿಲ್ಲವಲ್ಲ, ನಾನೆಂಥ ಚಿತ್ರಗಾರ ಎಂದು ಹಳಿದುಕೊಂಡೆ. ಹುಚ್ಚನ ಹಾಗೆ ತಪ್ಪು ಕಾರಣಕ್ಕೆ ಅಳುತ್ತಿದ್ದೆ.

ಬೊಜ್ಜದ ಹಿಂದಿನ ದಿನ ಗಿರಿಜಕ್ಕ ತನ್ನ ಅಣ್ಣನೊಂದಿಗೆ ಶಾಲೆಗೆ ಬಂದರು. ಜಗಲಿಯ ಕೆಳಗೆ ನಿಂತರು. ಎಷ್ಟು ಕರೆದರೂ ಮೇಲೆ ಬರಲಿಲ್ಲ. ಮಾತಾಡಿದ್ದೆಲ್ಲ ತುಳುವಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

‘ಮಾಸ್ಟ್ರೇ, ಅವರನ್ನು ಕೊನೆಗೆ ಹತ್ತಿರದಿಂದ ನೋಡಿದವರು ನೀವು. ನನಗೆ ಒಂದು ಮಾತು ಗೊತ್ತಾಗಬೇಕು.’

‘ಹೇಳಿ ಅಕ್ಕ.’

‘ಆ ಮೂಗು ನೋಡುವಾಗ ಅವರದ್ದಲ್ಲ ಅನ್ನಿಸ್ತದೆ. ದವಡೆಯೂ ಹಾಗೆ. ನೀರಿನಲ್ಲಿ ಊದಿದ್ದು ಅಂತ ದೂಮಪ್ಪ ಮಾವ ಹೇಳ್ತಾರೆ, ಇರಬಹುದು. ಆದರೆ ಕಣ್ಣು ಅವರದ್ದೇ. ನೀವು ನೋಡುವಾಗ ಆ ಕಣ್ಣಿನಲ್ಲಿ ಹೆದರಿಕೆ ಇತ್ತಾ? ತುಂಬ ಹೆದರಿ ಹೋದರಾ ಅವರು?’

‘ಕಣ್ಣು ಎಲ್ಲಿತ್ತು ಅಕ್ಕ…’ ಎಂದು ಬಾಯಿಗೆ ಬಂದದ್ದು ಅರ್ಧದಲ್ಲಿ ನಿಂತಿತು.

ಕಣ್ಣು ಇರಲಿಲ್ಲ. ನಾನು ನೋಡಿದ್ದು ಬೇರೆ ಎಲ್ಲವನ್ನೂ. ನೋಡದೆ ಬರೆದದ್ದು ಕಣ್ಣೊಂದನ್ನೇ. ಆ ಕಣ್ಣೊಂದರಿಂದಲೇ ಎಲ್ಲರೂ ಗುರುತು ಹಿಡಿದಿದ್ದರು. ಗಿರಿಜಕ್ಕನ ಕತ್ತಿನಲ್ಲಿ ಕರಿಮಣಿ ಇತ್ತು, ನಾಳೆ ಮಧ್ಯಾಹ್ನದೊಳಗೆ ಅದನ್ನು ತೆಗೆಯುವವರಿದ್ದರು. ನಾನು ಅದನ್ನೇ ನೋಡುತ್ತ, ‘ಅಕ್ಕ, ನಾಳೆ ನಾನು ಬರುವವರೆಗೆ ಏನನ್ನೂ ತೆಗೆಯಲಿಕ್ಕೆ ಬಿಡಬೇಡಿ’ ಎಂದೆ. ಅವರು ಏನೂ ಅರ್ಥವಾಗದೆ ನನ್ನ ಮುಖ ನೋಡಿದರು. ಹೆಚ್ಚು ಹೇಳಲು ನನಗೆ ಧೈರ್ಯವಾಗಲಿಲ್ಲ. ಇದೂ ತಪ್ಪಾದರೆ?

ಅಲ್ಲಿಂದ ಠಾಣೆಗೆ ಓಡಿದೆ. ಸಬ್‌ಇನ್‌ಸ್ಪೆಕ್ಟರರು ಪೂರ್ತಿ ಕೇಳಿದರು. ಸಿಟ್ಟು ಮಾಡಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

‘ಏನ್ ಮೇಷ್ಟ್ರೇ, ಮನೆಯವರೇ ಬಂದು ನಮ್ಮವನು ಅಂತ ಸಹಿ ಹಾಕಿದ್ದಾರೆ. ಕೈಗೆ ಅಭ್ಯಾಸವಾಗಿತ್ತು, ಅದಕ್ಕೆ ಬೇರೆಯವನ ಕಣ್ಣು ಬಂತು ಅಂತ ನಾನು ಮೇಲಿನವರಿಗೆ ಬರೆದ್ರೆ ನನ್ನನ್ನ ಹುಚ್ಚಾಸ್ಪತ್ರೆಗೆ ಕಳಿಸ್ತಾರೆ. ಮನೆಯವರು ಅಲ್ಲ ಅಂತ ಹೇಳಲಿ, ನಾನು ಕೇಸು ಮತ್ತೆ ತೆಗೀತೀನಿ. ನೀವು ಅವರನ್ನ ಒಪ್ಪಿಸಿ.’

ಬೆಳಗಿನ ಮೊದಲ ಬಸ್ಸು ಹಿಡಿದೆ. ಬಗಲಲ್ಲಿ ಡ್ರಾಯಿಂಗ್ ಬೋರ್ಡು, ಜೇಬಿನಲ್ಲಿ ಇದ್ದಿಲ ಕಡ್ಡಿ. ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಬೇಕು. ನಾರಾವಿಯ ಬಸ್ಸು ಅವತ್ತೇ ತಡವಾಗಬೇಕೆ? ಕಾಯುತ್ತ ನಿಂತಷ್ಟೂ ಒಂದೇ ಯೋಚನೆ. ಒಂದು ವೇಳೆ ಸತ್ತವರು ನಿಜಕ್ಕೂ ಸಂಜೀವ ಶೆಟ್ಟರೇ ಆಗಿದ್ದರೆ? ಇಲ್ಲದ ಆಸೆ ಹುಟ್ಟಿಸಿ ಒಂದು ಹೆಂಗಸಿನ ಬದುಕನ್ನು ಇನ್ನಷ್ಟು ಹಾಳು ಮಾಡಿದಂತಾಗುವುದಿಲ್ಲವೆ? ಆ ಮೊಂಡು ಮೂಗನ್ನು ನೆನಪಿಸಿಕೊಂಡೆ. ಶೆಟ್ಟರ ಮೂಗು ಗಿಣಿಮೂಗು. ನೀರಿನಲ್ಲಿ ಮುಖ ಊದಬಹುದು, ಮೂಗಿನ ಎಲುಬು ಚಿಕ್ಕದಾಗುವುದಿಲ್ಲ.

ನಾರಾವಿಯ ಮನೆಯ ಅಂಗಳಕ್ಕೆ ಚಪ್ಪರ ಹಾಕಿದ್ದರು. ಜನ ಸೇರಿದ್ದರು. ಚಾವಡಿಯಲ್ಲಿ ಒಂದು ಕುರ್ಚಿಯಿಟ್ಟು, ಅದರ ಮೇಲೆ ಸಂಜೀವ ಶೆಟ್ಟರ ಹಳೆಯ ಕೊಡೆ, ಒಂದು ಮಡಿಸಿದ ಅಂಗಿ ಇಟ್ಟಿದ್ದರು. ಮನೆಯಲ್ಲಿ ಅವರ ಫೋಟೋ ಒಂದೂ ಇರಲಿಲ್ಲವಂತೆ. ಅದಕ್ಕೆ ಠಾಣೆಯಿಂದ ನನ್ನ ಚಿತ್ರವನ್ನೇ ಕೇಳಿ ತಂದು, ಕಟ್ಟು ಹಾಕಿಸಿ, ಹಾರ ಹಾಕಿ ಕುರ್ಚಿಗೆ ಒರಗಿಸಿದ್ದರು. ಮುಂದೆ ದೀಪ ಉರಿಯುತ್ತಿತ್ತು. ನನ್ನ ಜೀವಮಾನದಲ್ಲಿ ಹಾರ ಬಿದ್ದ ಚಿತ್ರ ಅದೊಂದೇ.

ದೂಮಪ್ಪ ಶೆಟ್ಟರ ಹತ್ತಿರ ಹೋಗಿ ವಿಷಯ ಹೇಳಿದೆ. ಅವರ ಮುಖ ಕಪ್ಪಾಯಿತು.

‘ಎಂತ ಮಾತು ಮಾಸ್ಟ್ರೇ ಇದು? ನಾನು ಎತ್ತಿ ಆಡಿಸಿದ ಅಳಿಯ. ಅವನ ಕಣ್ಣು ನನಗೆ ಗೊತ್ತಾಗುವುದಿಲ್ಲವಾ?’

‘ಕಣ್ಣು ಅವರದ್ದೇ ಧನಿ. ಮುಖ ಅವರದ್ದಲ್ಲ. ನನ್ನ ಕೈ ಯಾರ ಮುಖ ಬರೆದರೂ ಆ ಕಣ್ಣನ್ನೇ ಇಡ್ತದೆ. ಬೇಕಾದರೆ ಈಗಲೇ ನಿಮ್ಮನ್ನು ಬರೆದು ತೋರಿಸ್ತೇನೆ.’

‘ನನ್ನನ್ನು ಬರೆದು ಎಂತ ಮಾಡುವುದು? ಮಾವನ ಕಣ್ಣು ಅಳಿಯನಿಗೆ ಬಂದಿದ್ದರೆ ಅದರಲ್ಲಿ ಎಂತ ಹೊಸತುಂಟು?’ ಎಂದು ಸುತ್ತ ನೋಡಿದರು. ಬಾಳೆಎಲೆ, ತರಕಾರಿ ತಂದು ಇಳಿಸುತ್ತಿದ್ದ ಹುಸೇನ್ ಬ್ಯಾರಿಗಳು ಕಣ್ಣಿಗೆ ಬಿದ್ದರು. ಗುಂಡನೆಯ, ಬೆಳಗುವ ದೀಪದಂಥ ದೊಡ್ಡ ಕಣ್ಣಿನ ಮನುಷ್ಯ. ‘ಇವರನ್ನು ಬರೀರಿ. ನನ್ನ ಎದುರೇ ಬರೀರಿ. ಬೇಕಂತ ತಪ್ಪು ಮಾಡಿದರೆ ನನಗೆ ಗೊತ್ತಾಗ್ತದೆ.’

ಬ್ಯಾರಿಗಳು ಗಾಬರಿಯಾದರು. ‘ನನ್ನನ್ನು ಎಂತಕ್ಕೆ ಧನಿ? ನಮ್ಮಲ್ಲಿ ಚಿತ್ರ ಬರೆಸುವ ಕ್ರಮ ಇಲ್ಲ.’

ಯಾರೋ ಅವರಿಗೆ ವಿಷಯ ಬಿಡಿಸಿ ಹೇಳಿದರು. ಅವರು ಒಳಬಾಗಿಲಿನ ಕಡೆ ಒಮ್ಮೆ ನೋಡಿದರು. ಅಲ್ಲಿ ಹೆಂಗಸರ ನಡುವೆ ಗಿರಿಜಕ್ಕ ತಲೆತಗ್ಗಿಸಿ ಕುಳಿತಿದ್ದರು.

‘ಒಂದು ಹೆಂಗಸಿನ ಕುತ್ತಿಗೆಯ ಮಣಿ ಉಳಿಯುವುದಾದರೆ ಬರೀರಿ’ ಎಂದರು ಬ್ಯಾರಿಗಳು. ‘ಆದ ಮೇಲೆ ಕಾಗದ ನನಗೆ ಕೊಡಬೇಕು. ಹರಿದು ಹಾಕ್ತೇನೆ, ಬೇಜಾರು ಮಾಡಬಾರದು.’

ಜಗಲಿಯ ಅಂಚಿನಲ್ಲಿ ಕೂತರು. ನಾನು ಎದುರು ಕೂತೆ. ಬೆನ್ನ ಹಿಂದೆ ದೂಮಪ್ಪ ಶೆಟ್ಟರು, ಅವರ ಹಿಂದೆ ಊರೇ. ಹಣೆ ಬರೆದೆ, ಟೊಪ್ಪಿ ಬರೆದೆ, ಮೂಗು, ಗಡ್ಡ ಬರೆದೆ. ‘ಸರಿ ಉಂಟು, ಬ್ಯಾರಿಗಳದ್ದೇ ಮುಖ’ ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಇನ್ನು ಕಣ್ಣು. ಬೇಕೆಂದೇ ತಪ್ಪು ಬರೆಯಬಾರದು ಎಂದು ಹಲ್ಲು ಕಚ್ಚಿ ಆ ಗುಂಡು ಕಣ್ಣನ್ನೇ ನೋಡಿದೆ. ಇದೊಂದು ಸಲವಾದರೂ ನೋಡಿಯೇ ಬರೆಯಬೇಕು. ಆದರೆ ನೋಡಿದ್ದು ಸರಿಯಾಗಿ ಬಂದುಬಿಟ್ಟರೆ ನನ್ನ ಮಾತು ಸುಳ್ಳಾಗುತ್ತದೆ, ಗಿರಿಜಕ್ಕನ ಕರಿಮಣಿ ಹೋಗುತ್ತದೆ. ಚಿತ್ರ ಕಲಿತಂದಿನಿಂದ ಮೊದಲ ಬಾರಿಗೆ, ತಪ್ಪಾಗಲಿ ದೇವರೇ ಎಂದು ಬೇಡಿಕೊಂಡೆ.

ಕೈ ಚಲಿಸಿತು. ಎಡ ರೆಪ್ಪೆ ಗುಂಡಾಗಿ ಏಳಬೇಕಾದಲ್ಲಿ ಇಳಿಯಿತು. ನಾನು ನೋಡುತ್ತಿದ್ದದ್ದು ಒಂದು, ಕೈ ಮಾಡುತ್ತಿದ್ದದ್ದು ಇನ್ನೊಂದು. ತಡೆದು ಇನ್ನೊಮ್ಮೆ ನೋಡಿದೆ. ಹೊರ ಮೂಲೆಗೆ ಬಂದಾಗ ಎರಡು ಮಡಿಕೆ ತಾವಾಗಿ ಬಿದ್ದವು. ಬೆಳಕಿನ ಚುಕ್ಕಿಯನ್ನು ಕೂಡ ಹೋಟೆಲಿನ ಬಾಗಿಲಿದ್ದ ಬದಿಗೇ ಇಟ್ಟಿತು ನನ್ನ ಕೈ; ಆ ಜಗಲಿಯಲ್ಲಿ ಬೆಳಕು ಬರುತ್ತಿದ್ದದ್ದು ಎದುರು ಬದಿಯಿಂದ. ನನ್ನ ಕೈಯನ್ನು ಕಂಡು ನನಗೇ ಭಯವಾಯಿತು.

ಸಂಜೀವ ಶೆಟ್ಟರ ತಂಗಿ ಬಾಗಿಲಲ್ಲಿ ನಿಂತು, ‘ಅಯ್ಯೋ, ಅಣ್ಣನ ಕಣ್ಣು ಬ್ಯಾರಿಗಳಿಗೆ ಬಂತಲ್ಲ!’ ಎಂದಳು.

ದೂಮಪ್ಪ ಶೆಟ್ಟರು ನನ್ನ ಕೈಯಿಂದ ಬೋರ್ಡು ತೆಗೆದುಕೊಂಡು ಚಾವಡಿಗೆ ಹೋದರು. ಹಾರ ಹಾಕಿದ ಚಿತ್ರದ ಪಕ್ಕದಲ್ಲಿ ಅದನ್ನಿಟ್ಟು ನೋಡಿದರು. ಬ್ಯಾರಿಗಳ ಮುಖವನ್ನು ನೋಡಿದರು. ನನ್ನ ಮುಖವನ್ನು ತುಂಬ ಹೊತ್ತು ನೋಡಿದರು. ನಾನು ಬೆವರಿ ತೊಯ್ದುಹೋಗಿದ್ದೆ.

‘ಇವರು ನಾಟಕ ಮಾಡುವುದಲ್ಲ’ ಎಂದರು ಕೊನೆಗೆ. ‘ನಾಟಕ ಮಾಡುವವ ಹೀಗೆ ಬೆವರುವುದಿಲ್ಲ.’ ಆಮೇಲೆ ತಾವೇ ಬಗ್ಗಿ, ಚಿತ್ರದ ಹಾರ ತೆಗೆದರು. ದೀಪ ಶಾಂತ ಮಾಡಲು ಹೇಳಿದರು. ‘ಅಡಿಗೆ ಆದದ್ದು ಆಯ್ತು. ಬಂದವರು ಉಂಡು ಹೋಗಿ. ಇವತ್ತು ಈ ಮನೆಯಲ್ಲಿ ಬೊಜ್ಜ ಇಲ್ಲ.’

ಗಿರಿಜಕ್ಕ ಅಳಲಿಲ್ಲ, ನಗಲೂ ಇಲ್ಲ. ಕತ್ತಿನ ಕರಿಮಣಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತೇ ಇದ್ದರು. ಹುಸೇನ್ ಬ್ಯಾರಿಗಳು ತಮ್ಮ ಚಿತ್ರವನ್ನು ಕೇಳಿ ತೆಗೆದುಕೊಂಡು ಸಣ್ಣ ಸಣ್ಣದಾಗಿ ಹರಿದರು. ‘ಮಾಸ್ಟ್ರೇ, ಗಡ್ಡ ಮಾತ್ರ ಚಂದ ಬಂದಿತ್ತು ಆಯ್ತಾ’ ಎಂದು ಸಮಾಧಾನ ಹೇಳಿ ಹೋದರು.

ಸಬ್‌ಇನ್‌ಸ್ಪೆಕ್ಟರರು ಮಾತಿಗೆ ತಪ್ಪಲಿಲ್ಲ, ಕೇಸು ಮತ್ತೆ ತೆಗೆದರು. ಹೆಡ್‌ಮಾಸ್ಟರರು ಮಾತ್ರ, ‘ಹೃದಯ ಆಯಿತು, ಕಣ್ಣು ಆಯಿತು, ಇನ್ನು ಯಾವ ಅಂಗ ಬಾಕಿ ಉಂಟು?’ ಎಂದು ನಾನು ಅಲ್ಲಿಂದ ವರ್ಗವಾಗುವವರೆಗೂ ಕೇಳುತ್ತಿದ್ದರು. ಕೇಳಲಿ. ಆ ಮೇಲೆ ನಾನು ಒಂದು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬಂದುಹೋಗುವವರ ಕಣ್ಣು ಬರೆದೆ. ಒಬ್ಬರದ್ದನ್ನು ಎರಡನೆಯ ಸಲ ಬರೆಯುತ್ತಿರಲಿಲ್ಲ. ಬಾರದೇ ಹೋದ ಪಾಠವನ್ನು ಹಾಗೆ ನಾನೇ ಮಾಡಿಕೊಂಡೆ. ತರಗತಿಯಲ್ಲಿ ನೋಡಿ ಬರೆಯುವ ಪುಸ್ತಕಗಳನ್ನು ಕಪಾಟಿಗೆ ಹಾಕಿ ಬೀಗ ಜಡಿದೆ. ಪಕ್ಕದಲ್ಲಿ ಕೂತವನ ಕಣ್ಣು ನೋಡಿ ಬರೆಯಿರಿ, ನಾಳೆ ಜಾಗ ಬದಲಿಸಿ ಕೂತು ಇನ್ನೊಬ್ಬನದು ಬರೆಯಿರಿ ಎಂದೆ. ಪುಸ್ತಕ ಬೇಡವೆಂದು ಹೇಳುವುದಿಲ್ಲ. ಹೇಗೆ ನೋಡಬೇಕೆಂದು ಪುಸ್ತಕ ಹೇಳೀತು, ನಿಮ್ಮ ಬದಲು ಅದು ನೋಡಲಾರದು.

ಸಂಜೀವ ಶೆಟ್ಟರು ಬಂದೇ ಬಂದರು. ಆ ಮೇಲೆ ಎರಡು ಮಳೆಗಾಲ ಕಳೆದಿತ್ತು. ತರಗತಿಯ ಬಾಗಿಲಲ್ಲಿ ದಪ್ಪ ಕನ್ನಡಕದ, ಬಡಕಲು ಮನುಷ್ಯನೊಬ್ಬ ನಿಂತಿದ್ದ. ಯಾವುದೋ ಹುಡುಗನ ಅಪ್ಪ ಎಂದುಕೊಂಡು, ‘ಹೆಡ್‌ಮಾಸ್ಟರರು ಆಚೆ ಕೋಣೆಯಲ್ಲಿದ್ದಾರೆ’ ಎಂದೆ.

‘ಎಂತ ಮಾಸ್ಟ್ರೇ, ನನ್ನ ಕಣ್ಣನ್ನು ಊರಿಗೆಲ್ಲ ಹಂಚಿದ್ದೀರಂತೆ. ನನಗೊಂದು ಜೊತೆ ಉಳಿಸಿದ್ದೀರಾ?’

ಸ್ವರ ಕೇಳಿ ಗುರುತು ಹತ್ತಿತು. ಕೆಲಸ ಹೋಗಿತ್ತಂತೆ, ಕಾಯಿಲೆ ಬಿದ್ದಿದ್ದರಂತೆ. ‘ಬರೆಯಲಿಕ್ಕೆ ಒಂದು ಒಳ್ಳೆಯ ಸುದ್ದಿ ಆಗಲಿ ಅಂತ ಕಾದೆ ಮಾರಾಯ್ರೇ, ಆಗಲೇ ಇಲ್ಲ’ ಎಂದರು. ಕನ್ನಡಕ ತೆಗೆದು ಒರೆಸಿಕೊಂಡರು. ನಿದ್ದೆಯಲ್ಲೂ ಬರೆಯಬಲ್ಲೆ ಎಂದುಕೊಂಡಿದ್ದ ಆ ಕಣ್ಣು ಎದುರಿಗೇ ಇತ್ತು; ಎರಡು ರೆಪ್ಪೆಗಳೂ ಇಳಿದಿದ್ದವು, ಮಡಿಕೆಗಳು ಎಣಿಸಲಾರದಷ್ಟು ಇದ್ದವು. ಹುಡುಗರ ಎದುರೇ ನಾನು ಅತ್ತುಬಿಟ್ಟೆ. ಅವರು ಅಲ್ಲಿಂದ ಬಸ್ಸು ಹತ್ತಿ ವೇಣೂರಿಗೆ ಹೋದರು.

ಊರಿನವರು ಈ ಕತೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ, ನಗುತ್ತಾರೆ. ನನಗೆ ನಿಲ್ಲಿಸಲು ಆಗುವುದಿಲ್ಲ. ನಾರಾವಿಯಿಂದ ಬಂದ ಮರುದಿನವೇ ನಾನು ಹೊಳೆಯಲ್ಲಿ ಸಿಕ್ಕವನ ಮುಖವನ್ನು ಠಾಣೆಗೆ ಇನ್ನೊಮ್ಮೆ, ಕಣ್ಣು ಮುಚ್ಚಿದಂತೆ ಬರೆದುಕೊಟ್ಟೆ. ಹಳೆಯದನ್ನು ಕಿತ್ತು ಅದನ್ನು ಅಂಟಿಸಿದರು. ಮಳೆಗಾಳಿಗೆ ಬಣ್ಣಗೆಟ್ಟು ಹರಿದುಹೋಗುವವರೆಗೆ ಅದು ಅಲ್ಲೇ ಇತ್ತು. ಯಾರೂ ಬರಲಿಲ್ಲ. ಬರಬೇಕಾದವರು ಬಹುಶಃ ಮೊದಲೇ ಬಂದುಹೋಗಿದ್ದರು. ಬಂಟ್ವಾಳದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಒಬ್ಬಳು ತಾಯಿಯೋ ಹೆಂಡತಿಯೋ ಎದೆ ಹಿಡಿದುಕೊಂಡು ನನ್ನ ಮೊದಲ ಚಿತ್ರದ ಹತ್ತಿರ ಹೋಗಿರಬಹುದು. ಅದೇ ಹಣೆ, ಅದೇ ಮೊಂಡು ಮೂಗು. ಆಮೇಲೆ ಕಣ್ಣು ನೋಡಿ, ‘ಸದ್ಯ, ಇವ ನಮ್ಮವನಲ್ಲ’ ಎಂದು ನಿಟ್ಟುಸಿರು ಬಿಟ್ಟು ಮನೆಗೆ ಹೋಗಿ, ಆ ರಾತ್ರಿಯೂ ಅವನ ಪಾಲಿನ ಅನ್ನವನ್ನು ಮುಚ್ಚಿಟ್ಟಿರಬಹುದು.